ಪ್ರತಿಕ್ರಿಯೆ: ಸಿನಿಮಾ ಆಗದಿದ್ದರೆ ಚೌಕಾಬಾರ ಆಡಿ ನೋಡಿ

ತಲೆಗೆ ಪೆಟ್ಟು ಬಿದ್ದ ಮೇಲೆ ನಿಮ್ಮ ಯಜಮಾನರು ಸಿನಿಮಾ ಶುರುವಾದ ಸ್ವಲ್ಪ ಹೊತ್ತಿಗೇ ಸಿಡುಕಿ ಎದ್ದು ಹೋಗುತ್ತಾರೆ, ಜೊತೆಯಾಗಿ ಕೂರಲು ಇನ್ನೇನು ದಾರಿ ಎಂದು ಕೇಳಿದ್ದೀರಿ. ನಾನೂ ತುಮಕೂರಿನವಳೇ, ನಮ್ಮ ಮನೆಯವರದೂ ಇದೇ ಕಥೆ. ಅದು ನಿಮ್ಮ ಮೇಲಿನ ಬೇಸರವೆಂದು ದಯವಿಟ್ಟು ತಿಳಿಯಬೇಡಿ. ಪೆಟ್ಟಾದ ಮಿದುಳಿಗೆ ಹಿಂದಿನ ದೃಶ್ಯವನ್ನು ನೆನಪಿಟ್ಟುಕೊಂಡು ಮುಂದಿನದಕ್ಕೆ ಜೋಡಿಸುವುದೇ ದೊಡ್ಡ ದುಡಿಮೆ. ಗದ್ದಲವೂ ಸೇರಿದರೆ ಬಹಳ ಬೇಗ ದಣಿಯುತ್ತದೆ.

ನಮ್ಮ ಕೈಹಿಡಿದದ್ದು ಚೌಕಾಬಾರ. ಸೀಮೆಸುಣ್ಣದಲ್ಲಿ 25 ಮನೆ ಬರೆದು 4 ಕವಡೆ ಹಿಡಿದು ಕೂರುತ್ತೇವೆ. ಕಾಯಿ ಎಲ್ಲಿದೆಯೆಂಬುದು ಕಣ್ಣೆದುರೇ ಇರುತ್ತದೆ, ನೆನಪಿಡುವ ಕಷ್ಟವಿಲ್ಲ. ಅವರು ಒಂದೊಂದೇ ಮನೆಯನ್ನು ಬೆರಳಿನಿಂದ ಮುಟ್ಟಿ ಎಣಿಸುತ್ತಾರೆ. ಎಷ್ಟೇ ತಡವಾದರೂ ನಾನು ಬಾಯಿ ಹಾಕುವುದಿಲ್ಲ. ನನ್ನ ಕಾಯಿ ಕಡಿದಾಗ ಅವರ ಮುಖದಲ್ಲಿ ಮೂಡುವ ತುಂಟತನ ನೋಡಲೆಂದೇ ಆಡುತ್ತೇನೆ. ಆದರೆ ಬೇಕೆಂದೇ ಸೋಲಬೇಡಿ. ಅದು ಅವರಿಗೆ ಗೊತ್ತಾಗುತ್ತದೆ, ಮನಸ್ಸಿಗೆ ಚುಚ್ಚುತ್ತದೆ.

ಸಿನಿಮಾ ಬೇಕೇ ಬೇಕೆಂದರೆ ಇಬ್ಬರೂ ಹಿಂದೆ ನೋಡಿದ್ದನ್ನೇ ದನಿ ತಗ್ಗಿಸಿ, ಅವರಿಗೆ ದಣಿವಿಲ್ಲದ ಹೊತ್ತಿನಲ್ಲಿ ತುಸು ತುಸುವೇ ನೋಡಿ. ಹಳೆಯ ಹಾಡುಗಳನ್ನೂ ಹಾಕಿ: ಮಾತು ತಡವರಿಸುವವರೂ ಹಾಡಿನ ಸಾಲನ್ನು ಸಲೀಸಾಗಿ ಹಿಡಿಯುವುದುಂಟು. ಹೊರಗೆ ಹೋಗುವುದಾದರೆ ದೇವರಾಯನದುರ್ಗದ ಬಳಿಯ ನಾಮದ ಚಿಲುಮೆ ಒಳ್ಳೆಯದು, ಜಿಂಕೆ ನೋಡುತ್ತ ಕೂರಬಹುದು. ಭಾನುವಾರದ ಜನಜಂಗುಳಿ ಮಾತ್ರ ಬೇಡ.

ಸಿಡುಕು ಹೆಚ್ಚುತ್ತಲೇ ಹೋದರೆ ವೈದ್ಯರಿಗೆ ಹೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥವರಿಗಾಗಿಯೇ ಪುನಶ್ಚೇತನ ವಿಭಾಗವಿದೆ. ತಲೆನೋವಿನ ಜೊತೆ ವಾಂತಿಯೂ ಇದ್ದರೆ ಒಂದು ದಿನವೂ ಕಾಯಬೇಡಿ.