ಇಬ್ಬರಿದ್ದೂ ಒಂಟಿಯೇ?

ಪ್ರಶ್ನೆ: ಎಡ್ವರ್ಡ್ ಮುಂಕ್‌ನ ಮರದಚ್ಚಿನ ಚಿತ್ರವೊಂದನ್ನು ಪುಸ್ತಕದಲ್ಲಿ ನೋಡಿದೆ. ಗಂಡು, ಹೆಣ್ಣು ಕಡಲದಂಡೆಯಲ್ಲಿ ನಮಗೆ ಬೆನ್ನು ಹಾಕಿ ನಿಂತಿದ್ದಾರೆ. ಇಬ್ಬರಿರುವಾಗ ‘ಒಂಟಿಗಳು’ ಎಂಬ ಹೆಸರೇಕೆ? ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯೂ ಹೀಗೇ ಆಗಿದೆ.
– ಓದುಗರೊಬ್ಬರು, ಹೊಸನಗರ

ಉತ್ತರ: ನಿಮ್ಮ ಕಾಗದ ಓದಿ ಆ ಚಿತ್ರ ತೆಗೆದುಕೊಂಡು ಕೂತೆ. ಉತ್ತರ ಅದನ್ನು ಅಚ್ಚು ಹಾಕಿದ ಹಲಗೆಯಲ್ಲೇ ಇದೆ. ಜರ್ಮನಿಯ ಅಭಿವ್ಯಕ್ತಿವಾದಿಗಳಿಗೆ, ಅಂದರೆ ಕಣ್ಣಿಗೆ ಕಂಡದ್ದಕ್ಕಿಂತ ಒಳಗಿನ ಭಾವವನ್ನೇ ಬರೆದ ಚಿತ್ರಕಾರರಿಗೆ, ದಾರಿ ತೋರಿದ ಈ ನಾರ್ವೆಯವನು 1899ರಲ್ಲಿ ಹಲಗೆ ಕೆತ್ತಿದ ಮೇಲೆ ಅದನ್ನು ಗರಗಸದಲ್ಲಿ ಕೊಯ್ದ. ತುಂಡುಗಳಿಗೆ ಬೇರೆಬೇರೆಯಾಗಿ ಬಣ್ಣ ಹಚ್ಚಿ, ಮತ್ತೆ ಜೋಡಿಸಿ ಅಚ್ಚೊತ್ತಿದ. ಗಂಡಸು ದಂಡೆಯ ತುಂಡಿನಲ್ಲೇ ಉಳಿದ, ಹೆಂಗಸಿನದು ಬೇರೆ ತುಂಡು. ಗರಗಸ ಹಾದಲ್ಲಿ ಬಣ್ಣ ಹತ್ತಲಿಲ್ಲ. ಅವಳ ಸುತ್ತ ಕೂದಲೆಳೆಯಷ್ಟು ಬಿಳಿ ಗೆರೆ ಕಾಣುತ್ತದಲ್ಲ, ಅದು ಅದೇ. ಅವನು ಅವಳಿಗಿಂತ ಒಂದೇ ಹೆಜ್ಜೆ ಹಿಂದಿದ್ದಾನೆ. ಆದರೂ ಆ ಗೆರೆ ದಾಟಲಾಗದು.

ಸಾವಿನ ಮನೆಯನ್ನೂ ಮುಂಕ್ ಬಲ್ಲ. ಅಕ್ಕ ಸೋಫಿ 1877ರಲ್ಲಿ ಕ್ಷಯದಿಂದ ತೀರಿಕೊಂಡಾಗ ಅವನಿಗೆ 13 ವರ್ಷ. 1893ರಲ್ಲಿ ಆ ಸಾವಿನ ಕೋಣೆಯ ಚಿತ್ರ ಬರೆದಾಗ ಒಡಹುಟ್ಟಿದವರನ್ನೆಲ್ಲ ಬರೆಯುವ ಹೊತ್ತಿನ ವಯಸ್ಸಿನಲ್ಲೇ ನಿಲ್ಲಿಸಿದ. ಹದಿನಾರು ವರ್ಷ ಕಳೆದರೂ ಅವರು ಆ ಕೋಣೆಯಿಂದ ಹೊರಬಂದಿಲ್ಲ. ಒಬ್ಬೊಬ್ಬರ ಮುಖ ಒಂದೊಂದು ಕಡೆ.

ಅಲ್ಲಿ ಪ್ರೀತಿ ಇಲ್ಲವೆಂದು ನನಗನ್ನಿಸುವುದಿಲ್ಲ. ನಮ್ಮಪ್ಪ ತೀರಿಕೊಂಡ ವರ್ಷ ತೀರ್ಥಹಳ್ಳಿ ಹತ್ತಿರದ ಮನೆಯಲ್ಲಿ ಅಮ್ಮ, ಅಣ್ಣ, ಅತ್ತಿಗೆ, ನಾನು ರಾತ್ರಿಯೆಲ್ಲ ಅಡಿಕೆ ಸುಲಿದೆವು. ಮಾತಿಲ್ಲ, ಮೆಟ್ಟುಗತ್ತಿಯ ಸದ್ದಷ್ಟೇ. ನನಗೂ ಅಣ್ಣನಿಗೂ ನಡುವೆ ಅಪ್ಪನ ಮೆಟ್ಟುಗತ್ತಿ ಇತ್ತು. ಯಾರೂ ಎತ್ತಿಡಲಿಲ್ಲ. ಕಾಲು ತಾಗದ ಹಾಗೆ ಇಬ್ಬರೂ ಒಂದಿಷ್ಟು ಸರಿದು ಕೂರುತ್ತಿದ್ದೆವು. ಅಣ್ಣನಿಗೂ ಅಳು ಬರುತ್ತಿದೆಯೆಂದು ಗೊತ್ತಿತ್ತು. ಕೇಳಲು ಬಾಯಿ ಬರಲಿಲ್ಲ.

ನಿಮ್ಮ ಮನೆಯವರನ್ನು ಕೂರಿಸಿ ‘ಮಾತಾಡೋಣ’ ಎಂದರೆ ಯಾರೂ ಮಾತಾಡಲಾರರು. ಆ ಪುಸ್ತಕವನ್ನೇ ಜಗಲಿಯಲ್ಲಿ ತೆರೆದಿಡಿ. ಚಿತ್ರದ ಬಗ್ಗೆ ಹೇಳುವುದು ತಮ್ಮ ಬಗ್ಗೆ ಹೇಳುವುದಕ್ಕಿಂತ ಸುಲಭ. ಎಷ್ಟೋ ವರ್ಷದ ಮೇಲೆ ನಾನು ಇದೇ ಚಿತ್ರವನ್ನು ಅಮ್ಮನಿಗೆ ತೋರಿಸಿದ್ದೆ. ಕನ್ನಡಕ ಸರಿಮಾಡಿಕೊಂಡು ತುಂಬಾ ಹೊತ್ತು ನೋಡಿದರು. ‘ಅವಳು ತಿರುಗ್ಲಿ ಅಂತ ಕಾಯ್ತಾ ಇದಾನೆ ಕಣೇ’ ಅಂದರು. ಆಮೇಲೆ, ಕೇಳದೆಯೇ, ಅಪ್ಪನ ಕೊನೆಯ ರಾತ್ರಿಯ ಮಾತು ತೆಗೆದರು.