ಅಪ್ಪ ನೆನೆಹಾಕಿದ ಅಕ್ಕಿಯಿಂದ ಶುರುಮಾಡಿ

ಆತ್ಮೀಯರೇ, ನಮಸ್ಕಾರ.

ನಿಮ್ಮ ಎರಡನೆಯ ಕಾದಂಬರಿಯ ಹಸ್ತಪ್ರತಿ ಕೈಸೇರಿ ತಿಂಗಳಾಯಿತು. ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಇದನ್ನು ನಾವು ಪ್ರಕಟಿಸಲಾರೆವು. ಸುತ್ತಿಬಳಸಿ ಹೇಳಿದರೆ ನಿಮಗೂ ಪ್ರಯೋಜನವಿಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ನಿಮ್ಮ ಮೊದಲ ಪುಸ್ತಕವನ್ನು ನಾನೆಷ್ಟು ಹಚ್ಚಿಕೊಂಡಿದ್ದೇನೆ ಎಂಬುದು ನಿಮಗೆ ಗೊತ್ತು. 2005ರ ಜುಲೈ 26, ಮಂಗಳವಾರ, ಮುಂಬಯಿ ಮಳೆಯಲ್ಲಿ ಮುಳುಗಿದ ದಿನ. ಕುರ್ಲಾದ ಚಾಳಿನ ಮೆಟ್ಟಿಲ ಮೇಲೆ ಹದಿನಾಲ್ಕರ ಹುಡುಗಿ ಕೂತಿದ್ದಾಳೆ. ಮಾಟುಂಗದ ಹೋಟೆಲಿಗೆ ಕೆಲಸಕ್ಕೆ ಹೋದ ಅಪ್ಪ ಬಂದಿಲ್ಲ. ಲೋಕಲ್ ರೈಲು ನಿಂತಿದೆ, ಕರೆಂಟಿಲ್ಲ. ನೀರು ಎಷ್ಟು ಏರಿತೆಂದು ಒಳಗಿರುವ ಅಮ್ಮನಿಗೆ ಮೆಟ್ಟಿಲು ಎಣಿಸಿ ಕೂಗಿ ಹೇಳುತ್ತಾಳೆ: ಮೂರು ಮುಳುಗಿತು, ನಾಲ್ಕು ಮುಳುಗಿತು. ಐದನೆಯದರ ಮೇಲೆ ಅಪ್ಪನ ಹಳೇ ಚಪ್ಪಲಿ ಇಟ್ಟು, ಅದು ತೇಲದಿರಲಿ ಎಂದು ನೋಡುತ್ತ ಕೂರುತ್ತಾಳೆ. ಪುಸ್ತಕ ಅಲ್ಲಿಗೇ ಮುಗಿಯಿತು. ನಮ್ಮ ಮನೆಯ ಮಕ್ಕಳು ಓದಿ ‘ಆಮೇಲೆ ಏನಾಯ್ತು?’ ಎಂದು ನನ್ನನ್ನು ಪೀಡಿಸಿದ್ದರು. ನನಗೂ ಗೊತ್ತಿರಲಿಲ್ಲ. ಆ ಚಪ್ಪಲಿ ಮಾತ್ರ ಇವತ್ತಿಗೂ ಕಣ್ಣಮುಂದಿದೆ.

ಹೊಸ ಹಸ್ತಪ್ರತಿಯ ಎರಡನೇ ಪುಟದಲ್ಲೇ ಅಪ್ಪ ಕಾಫಿ ಕುಡಿಯುತ್ತ ಪೇಪರ್ ಓದುತ್ತಿದ್ದಾರೆ. ‘ಮರುದಿನ ಅಪ್ಪ ಕ್ಷೇಮವಾಗಿ ಮರಳಿದ್ದರು’ ಎಂಬ ಒಂದೇ ವಾಕ್ಯ. ಹಳಿಯ ಮೇಲೆ ನಡೆದು ಬಂದರೇ? ಯಾರದೋ ಮನೆಯಲ್ಲಿ ರಾತ್ರಿ ಕಳೆದರೇ? ಬಂದವರೇ ಮಗಳಿಗೆ ಏನಂದರು? ಅವರು ಬದುಕಿ ಬಂದದ್ದು ತಪ್ಪಲ್ಲ. ಆದರೆ ನಿಮ್ಮ ಓದುಗರು ಇಷ್ಟು ವರ್ಷ ಆ ಹುಡುಗಿಯ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತಿದ್ದರು. ಅವರನ್ನು ಒಂದು ವಾಕ್ಯ ಹೇಳಿ ಎಬ್ಬಿಸಿ ಕಳಿಸಿಬಿಟ್ಟಿರಿ.

31ನೇ ಪುಟದಲ್ಲಿ ಆಕೆ ತಾಯಿಗೆ ಹೇಳುತ್ತಾಳೆ: ‘ಅಮ್ಮಾ, ಅಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಿತ್ತಲ್ಲವೇ?’ ಅಂಕಿ ಸರಿಯಾಗಿಯೇ ಇದೆ. ಆದರೆ ಆ ರಾತ್ರಿ ಅಕ್ಕಿ ಡಬ್ಬ, ಹಾಸಿಗೆ, ಮಗಳ ಪುಸ್ತಕ ಎಲ್ಲವನ್ನೂ ಒಬ್ಬಳೇ ಅಟ್ಟಕ್ಕೇರಿಸಿದವಳು ಆ ತಾಯಿ. ಅವಳಿಗೆ ಮಗಳು ಮಿಲಿಮೀಟರಿನ ಲೆಕ್ಕ ಹೇಳುತ್ತಾಳೆಯೇ? ಮೆಟ್ಟಿಲೆಣಿಸಿದ ಹುಡುಗಿ ಇವಳಲ್ಲ. ಇನ್ನೊಂದು ಕಡೆ ಇವಳು ಡೊಂಬಿವಲಿಯಲ್ಲಿ ಫಾಸ್ಟ್ ಲೋಕಲ್ ಹತ್ತಿ ಮಾಟುಂಗದಲ್ಲಿ ಇಳಿಯುತ್ತಾಳೆ. ಫಾಸ್ಟ್ ಗಾಡಿ ಮಾಟುಂಗದಲ್ಲಿ ನಿಲ್ಲುವುದಿಲ್ಲ. ಇದು ನಿಮಗೆ ಗೊತ್ತಿಲ್ಲದ್ದೇನಲ್ಲ. ಮಾಟುಂಗ, ಸಯಾನ್, ಕುರ್ಲಾ ಎಂದು ಅಪ್ಪ ದಾಟಿ ಬರಬೇಕಾದ ಸ್ಟೇಷನ್ನುಗಳನ್ನು ಜಪದಂತೆ ಹೇಳಿಕೊಂಡವಳು ನಿಮ್ಮದೇ ಹುಡುಗಿ. ಬರೆಯುವಾಗ ನೀವು ಅವಳ ಜೊತೆ ಗಾಡಿಯಲ್ಲಿರಲಿಲ್ಲ, ಅಷ್ಟೇ.

ಎಲ್ಲಿದ್ದಿರಿ ಎಂಬುದು ನೀವು ಜೊತೆಗಿಟ್ಟ ಪತ್ರ ಓದಿದಾಗ ತಿಳಿಯಿತು. ಹೋದಹೋದ ಕಾರ್ಯಕ್ರಮದಲ್ಲೆಲ್ಲ ಓದುಗರು, ಆ ರಾತ್ರಿ ಟಾರ್ಚ್ ಹಿಡಿದು ನಿಂತ ಮೇಲಿನ ಮನೆಯ ಹುಡುಗನ ಜೊತೆ ಅವಳ ಮದುವೆಯಾಯಿತೇ ಎಂದು ಕೇಳುತ್ತಾರೆ, ಅದಕ್ಕೇ ಮಾಡಿಸಿದೆ ಎಂದಿದ್ದೀರಿ. ಈ ಒತ್ತಾಯ ಹೊಸದಲ್ಲ. ಅಮೆರಿಕದ ಲೇಖಕಿ ಲೂಯಿಸಾ ಮೇ ಆಲ್ಕಾಟ್ ನಾಲ್ವರು ಅಕ್ಕತಂಗಿಯರ ಕಥೆಯಾದ ‘ಲಿಟಲ್ ವಿಮೆನ್’ನ ಮೊದಲ ಭಾಗವನ್ನು 1868ರಲ್ಲಿ ಹೊರತಂದಾಗ ಓದಿದ ಹುಡುಗಿಯರೆಲ್ಲ ಅವರ ಮದುವೆಯ ಬಗ್ಗೆಯೇ ಪತ್ರ ಬರೆದರು. ಯಾರನ್ನೋ ಮೆಚ್ಚಿಸಲು ಆ ಅಕ್ಕತಂಗಿಯರಲ್ಲಿ ಒಬ್ಬಳಾದ ಜೋ ಎಂಬವಳನ್ನು ಪಕ್ಕದ ಮನೆಯ ಹುಡುಗ ಲಾರೀ ಎಂಬವನಿಗೆ ಮದುವೆ ಮಾಡಿ ಕೊಡುವುದಿಲ್ಲ ಎಂದು ಆಕೆ ದಿನಚರಿಯಲ್ಲಿ ಬರೆದುಕೊಂಡರು. ಮರುವರ್ಷ ಬಂದ ಎರಡನೇ ಭಾಗದಲ್ಲಿ ಕೊಡಲೂ ಇಲ್ಲ. ನಿಮ್ಮ ಹುಡುಗಿಗೆ ಆ ಹುಡುಗ ಬೇಕೋ ಬೇಡವೋ ಎಂದು ನೀವು ಅವಳನ್ನೇ ಕೇಳಿಲ್ಲ. ಹಾಲ್, ಊಟದ ಪಂಕ್ತಿ, ಸೀರೆ, ಎಲ್ಲ ಸೇರಿ ನಲವತ್ತು ಪುಟ ಬರೆದಿದ್ದೀರಿ. ಅಷ್ಟರಲ್ಲಿ ಅವಳು ಆಡಿದ್ದು ಎರಡು ಮಾತು.

ಇಷ್ಟಾದರೂ ನಾನು ಎರಡನೇ ಸಲ ಓದಿದ್ದು ಏಳನೇ ಅಧ್ಯಾಯಕ್ಕಾಗಿ. ಹೋಟೆಲ್ ಮುಚ್ಚಿ ಎರಡು ವರ್ಷವಾಗಿದೆ. ಅಪ್ಪ ಈಗಲೂ ಅಲಾರಂ ಇಲ್ಲದೆ ಬೆಳಗಿನ ನಾಲ್ಕಕ್ಕೆ ಏಳುತ್ತಾರೆ. ಮೂರೇ ಜನರಿರುವ ಮನೆಯಲ್ಲಿ ನಾಲ್ಕು ಕಿಲೋ ಅಕ್ಕಿ, ಒಂದು ಕಿಲೋ ಉದ್ದು ನೆನೆಹಾಕುತ್ತಾರೆ. ಸಂಜೆ ಕೆಲಸದಿಂದ ಬಂದ ಮಗಳು ಚಕಾರವೆತ್ತದೆ ಪುಟ್ಟ ಮಿಕ್ಸಿಯಲ್ಲಿ ಮತ್ತೆ ಮತ್ತೆ ರುಬ್ಬಿ, ಹಿಟ್ಟನ್ನು ಡಬ್ಬಗಳಿಗೆ ತುಂಬಿ, ಮಹಡಿ ಮಹಡಿ ಹತ್ತಿ ಅಕ್ಕಪಕ್ಕದವರಿಗೆ ಕೊಟ್ಟು ಬರುತ್ತಾಳೆ. ಅಪ್ಪ ‘ಇವತ್ತು ಎಷ್ಟು ಖರ್ಚಾಯ್ತು?’ ಎನ್ನುತ್ತಾರೆ. ಆಕೆ ‘ಎಲ್ಲ ಖಾಲಿ’ ಎನ್ನುತ್ತಾಳೆ. ಅದನ್ನು ಓದಿ ಮುಗಿಸಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಮೆಟ್ಟಿಲೆಣಿಸಿದ ಹುಡುಗಿ ಬೆಳೆದರೆ ಹೀಗೇ ಬೆಳೆದಾಳು.

ಮೊದಲ ಆರು ಅಧ್ಯಾಯ ಬಿಟ್ಟುಬಿಡಿ. ಇಲ್ಲಿಂದ ಶುರುಮಾಡಿ. ಅಪ್ಪ ಮರಳಿ ಬಂದಿದ್ದಾರೆಂಬುದು ಓದುಗರಿಗೆ ಆ ನೆನೆಹಾಕಿದ ಅಕ್ಕಿಯಿಂದ ತಿಳಿಯಲಿ. ಅವತ್ತಿನ ರಾತ್ರಿ ಎಲ್ಲಿದ್ದರು ಎಂಬುದನ್ನು ಅಪ್ಪ ಮಗಳಿಗೆ ಇನ್ನೂ ಹೇಳಿಲ್ಲದಿದ್ದರೆ ಹೇಗೆ, ಯೋಚಿಸಿ. ಮದುವೆಯ ವಿಷಯ ಆಮೇಲೆ ನೋಡೋಣ.

ಹಸ್ತಪ್ರತಿ ವಾಪಸು ಕಳಿಸುತ್ತಿದ್ದೇನೆ. ಏಳನೇ ಅಧ್ಯಾಯದ ಅಂಚಿನಲ್ಲಿ ಪೆನ್ಸಿಲ್ ಗುರುತುಗಳಿವೆ. ಹೊಸದಾಗಿ ಇಪ್ಪತ್ತು ಪುಟ ಬರೆದ ಕೂಡಲೇ ಕಳಿಸಿ, ಪೂರ್ತಿಯಾಗಲೆಂದು ಕಾಯಬೇಡಿ.

ವಿಶ್ವಾಸದಿಂದ,
ಸಂಪಾದಕ