ಭಲ್ಲೆ ಹಿಡಿದ ಹುಡುಗಿಗೆ ಹೈಜಂಪ್ ಬಿಡಿಸಬೇಕಾ?

ನೀವು ಕೇಳಿದ್ದು ಇಷ್ಟು: ಮಗಳಿಗೆ 16, ಹಾವೇರಿ ಜಿಲ್ಲಾ ಮಟ್ಟದಲ್ಲಿ ಭಲ್ಲೆ ಎಸೆತದಲ್ಲಿ ಎರಡನೇ ಸ್ಥಾನ ಬಂದಿದೆ. ಹೈಜಂಪ್, 200 ಮೀಟರ್ ಓಟ ಬಿಡಿಸಿ ಇದೊಂದಕ್ಕೇ ಹಚ್ಚಬೇಕಾ, ಹೆಣ್ಣುಮಕ್ಕಳ ಆಟ ಹೇಗೂ ಇಪ್ಪತ್ತೈದಕ್ಕೆ ಮುಗೀತದಲ್ಲ ಅಂತ.

ಬಿಡಿಸಬೇಡಿ. ಇಪ್ಪತ್ತೈದರ ಲೆಕ್ಕ ಹೇಳಿದವರು ಯಾರೋ ಗೊತ್ತಿಲ್ಲ, ಅವರಿಗೆ ಬಾರ್ಬೊರಾ ಸ್ಪೊಟಕೋವಾ ಹೆಸರು ಹೇಳಿ.

ಜೆಕ್ ದೇಶದಾಕೆ, ಹುಟ್ಟಿದ್ದು 1981ರಲ್ಲಿ. ಶುರು ಮಾಡಿದ್ದು ಹೆಪ್ಟಾಥ್ಲಾನ್‌ನಿಂದ. ಅಂದರೆ ಹರ್ಡಲ್ಸ್, ಹೈಜಂಪ್, ಗುಂಡು ಎಸೆತ, 200 ಮೀಟರ್, ಲಾಂಗ್‌ಜಂಪ್, ಭಲ್ಲೆ, 800 ಮೀಟರ್, ಏಳೂ ಒಬ್ಬಳೇ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಭಲ್ಲೆಯ ಫೈನಲ್‌ಗೂ ಬರಲಿಲ್ಲ. ಆಗ ಆಕೆಗೆ 23. ನಮ್ಮ ಕಡೆಯಾಗಿದ್ದರೆ ‘ಸಾಕು ಮಾಡವ್ವ’ ಅಂತ ವರ ನೋಡುತ್ತಿದ್ದರು.

ಮೂರು ವರ್ಷಕ್ಕೆ ಒಸಾಕಾದಲ್ಲಿ ವಿಶ್ವ ಚಾಂಪಿಯನ್ ಆದಳು. 2008ರ ಬೀಜಿಂಗ್ ಒಲಿಂಪಿಕ್ಸ್ ಫೈನಲ್‌ನಲ್ಲಿ ರಷ್ಯಾದ ಮರಿಯಾ ಅಬಕುಮೋವಾ 70.78 ಮೀಟರ್ ಎಸೆದು ಮುಂದಿದ್ದಳು. ಸ್ಪೊಟಕೋವಾಗೆ ಉಳಿದಿದ್ದು ಕೊನೆಯ ಸುತ್ತಿನ ಒಂದೇ ಎಸೆತ. ಎಸೆದಳು: 71.42, ಬಂಗಾರ. ಮರುತಿಂಗಳು ಸ್ಟುಟ್‌ಗಾರ್ಟ್‌ನಲ್ಲಿ 72.28. ಅದು ಇವತ್ತಿಗೂ ವಿಶ್ವದಾಖಲೆ. (1988ರಲ್ಲಿ ಪೆಟ್ರಾ ಫೆಲ್ಕೆ 80.00 ಎಸೆದಿದ್ದಳಲ್ಲ ಅಂತ ಯಾರಾದರೂ ಕೆಳಗೆ ವಾದಕ್ಕೆ ಬರುವ ಮುಂಚೆ: ಅದು ಹಳೇ ಮಾದರಿಯ ಭಲ್ಲೆ. 1999ರಲ್ಲಿ ಮಹಿಳೆಯರ ಭಲ್ಲೆಯ ರಚನೆ ಬದಲಾಗಿ ದಾಖಲೆಯ ಲೆಕ್ಕ ಹೊಸದಾಗಿ ಶುರುವಾಯ್ತು.) 2012ರ ಲಂಡನ್‌ನಲ್ಲೂ ಬಂಗಾರ. 2013ರಲ್ಲಿ ಮಗ ಹುಟ್ಟಿದ, ಮರುವರ್ಷವೇ ಯುರೋಪಿಯನ್ ಚಾಂಪಿಯನ್. 36ನೇ ವಯಸ್ಸಿನಲ್ಲಿ ಮತ್ತೆ ವಿಶ್ವ ಚಾಂಪಿಯನ್. ಎರಡು ಮಕ್ಕಳ ತಾಯಿಯಾಗಿ 41ಕ್ಕೆ ಯುರೋಪಿಯನ್ ಕಂಚು ಕೊರಳಿಗೆ ಹಾಕಿಕೊಂಡೇ ಮೈದಾನ ಬಿಟ್ಟಳು.

ನಾನು ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ನನ್ನ ಬಲಗೈ. ಒಂಬತ್ತನೇ ಕ್ಲಾಸಿನಲ್ಲಿ ನಾನೂ ನಿಮ್ಮ ಮಗಳ ಹಾಗೆಯೇ ಇದ್ದೆ, ಎಲ್ಲದಕ್ಕೂ ಮುಂದೆ. ನಮ್ಮ ಸಾಲ್ಯಾಗ ಇದ್ದಿದ್ದು ಒಂದೇ ಭಲ್ಲೆ, ಹುಡುಗರದ್ದು, 800 ಗ್ರಾಂ. ಹಿಡಿಯ ದಾರ ಬಿಚ್ಚಿಹೋಗಿ ಸೈಕಲ್ ಟ್ಯೂಬ್ ಸುತ್ತಿದ್ದರು. ಮೈದಾನ ಯರಿಮಣ್ಣು. ಮಳೆಗಾಲದಲ್ಲಿ ಎಸೆದರೆ ಗೇಣುದ್ದ ಒಳಗೆ ಹೋಗಿ ಕೂರುತ್ತಿತ್ತು, ಕೀಳೋದೇ ಒಂದು ಕಸರತ್ತು. ಬ್ಯಾಸಿಗೆಯಲ್ಲಿ ಬಿರುಕುಬಿಟ್ಟ ನೆಲಕ್ಕೆ ಬಡಿದು ಮಗ್ಗಲಾಗಿ ಮಲಗುತ್ತಿತ್ತು. ಕಲಿಸಲು ಬಂದವರೊಬ್ಬರು ಓಟ, ಜಿಗಿತ ಎಲ್ಲ ಬಿಡಿಸಿ ದಿನಾ ಅರವತ್ತು ಎಸೆತ ಹಾಕಿಸಿದರು. ಕಾಲು, ಸೊಂಟದ ಮಾತೇ ಇಲ್ಲ, ಬರೀ ಕೈ ಬೀಸು. ಎರಡನೇ ವರ್ಷಕ್ಕೆ ಮೊಣಕೈಯ ಒಳಮಗ್ಗಲು ಚಳಕು ಹಿಡಿಯಿತು. ಅವ್ವನ ಜೊತೆ ರೊಟ್ಟಿ ಬಡಿಯಲು ಕೂತರೆ ಮೂರನೇ ರೊಟ್ಟಿಗೆ ಕೈ ಏಳುತ್ತಿರಲಿಲ್ಲ. ‘ಯಾರ್ ಹೇಳ್ಯಾರ ನಿನಗ ಆ ಬಡಗಿ ಒಗ್ಯಾಕ’ ಅಂತ ಅವ್ವ ಬೈಯೋಳು. ನನ್ನ ಆಟ ಮುಗಿದದ್ದು ಹದಿನೆಂಟಕ್ಕೆ.

ಕೈ ಕೆಲಸಕ್ಕೆ ಬರೋದು ಎಲ್ಲಕ್ಕಿಂತ ಕೊನೆಗೆ. ಓಡಿ ಬಂದ ವೇಗವನ್ನು ಎಡಗಾಲು ಊರಿ ತಡೆದಾಗ ಆ ನೂಕು ಸೊಂಟಕ್ಕೆ, ಎದೆಗೆ, ಭುಜಕ್ಕೆ ಏರಿ, ಆಮೇಲೆ ಮೊಣಕೈ, ಬೆರಳಿಗೆ ಬರುತ್ತದೆ. ಬಾರಕೋಲು ಬೀಸಿದವರಿಗೆ ಇದು ಗೊತ್ತು: ಮಣಿಕಟ್ಟು ಅಲುಗೋದು ಇಷ್ಟೇ ಇಷ್ಟು, ತುದಿ ಹೊಡೆಯೋದು ಅಷ್ಟು. ಹೈಜಂಪ್‌ನಲ್ಲಿ ನಿಮ್ಮ ಮಗಳು ಕೊನೆಯ ಹೆಜ್ಜೆ ಊರಿ ಓಟವನ್ನು ಮೇಲಕ್ಕೆ ತಿರುಗಿಸುತ್ತಾಳಲ್ಲ, ಆ ಗಟ್ಟಿ ಕಾಲೇ ಇಲ್ಲೂ ಬೇಕಾದದ್ದು. ಅದನ್ನು ಬಿಡಿಸಿ ಇದನ್ನು ಕಲಿಸ್ತೀನಿ ಅನ್ನೋದು ಬೀಜದ ಜ್ವಾಳ ಬೀಸಿ ರೊಟ್ಟಿ ಮಾಡಿದಂಗ.

ದೂರದ ಉದಾಹರಣೆ ಬ್ಯಾಡ ಅಂದರೆ ಅನ್ನು ರಾಣಿ ಇದ್ದಾಳೆ. ಮೀರತ್ ಹತ್ತಿರದ ಹಳ್ಳಿಯ ರೈತರ ಮಗಳು, ಕಬ್ಬಿನ ಜಲ್ಲೆ ಎಸೆದು ಶುರು ಮಾಡಿದವಳು. ಆಕೆಗೆ ತರಬೇತಿ ಕೊಟ್ಟವರಲ್ಲಿ ನಮ್ಮ ಪಕ್ಕದ ಶಿರಸಿಯ ಕಾಶಿನಾಥ ನಾಯ್ಕ ಅವರೂ ಒಬ್ಬರು. 2010ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಲ್ಲೆಯಲ್ಲಿ ಕಂಚು ಗೆದ್ದವರು. ಅನ್ನು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಫೈನಲ್ ಮುಟ್ಟಲಿಲ್ಲ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 62.92 ಎಸೆದು ಬಂಗಾರ ತಂದಳು, ಭಾರತದ ಹೆಣ್ಣುಮಗಳೊಬ್ಬಳಿಗೆ ಅಲ್ಲಿ ಭಲ್ಲೆಯಲ್ಲಿ ಮೊದಲ ಬಂಗಾರ. ವಯಸ್ಸು 31.

ಈಗ ಮಾಡಬೇಕಾದ್ದು. ನಾಳೆನೇ ಹೋಗಿ ನಿಮ್ಮ ಮಗಳು ಎಸೆಯುವ ಭಲ್ಲೆಯನ್ನು ತೂಕಕ್ಕೆ ಹಾಕಿ, ಕಿರಾಣಿ ಅಂಗಡಿ ತಕ್ಕಡಿ ಸಾಕು. ಅಂತರರಾಷ್ಟ್ರೀಯ ನಿಯಮದಲ್ಲಿ 18ರೊಳಗಿನ ಹುಡುಗಿಯರಿಗೆ 500 ಗ್ರಾಂ, ದೊಡ್ಡವರಿಗೆ 600. 800 ಇದ್ದರೆ ಕಲಿಸುವ ಸರ್ ಜೊತೆ ಜಗಳ ಆದರೂ ಪರವಾಗಿಲ್ಲ. ನನ್ನನ್ನು ಕೇಳಿದರೆ ವಾರಕ್ಕೆ ಎರಡು ದಿನ ಭಲ್ಲೆ ಸಾಕು. ಉಳಿದ ದಿನ ಓಡಲಿ, ಜಿಗಿಯಲಿ, ಎರಡೂ ಕೈಯಲ್ಲಿ ಮೆಡಿಸಿನ್ ಬಾಲ್ (ಕಸರತ್ತಿನ ಭಾರದ ಚೆಂಡು) ತಲೆ ಮೇಲಿಂದ ಎಸೆಯಲಿ. ಮೊಣಕೈಯ ಒಳಮಗ್ಗಲು ಬೆರಳಿಂದ ಒತ್ತಿ ನೋಡಿ. ನೋವು ಅಂದರೆ ಅವತ್ತೇ ನಿಲ್ಲಿಸಿ ಎಲುಬಿನ ಡಾಕ್ಟರಿಗೆ ತೋರಿಸಿ.

ಮೊನ್ನೆ ಎಷ್ಟು ಮೀಟರ್ ಹೋಯಿತು ಅಂತ ನೀವು ಬರೆದಿಲ್ಲ. ಬರೀರಿ. ಹೈಜಂಪ್ ಎಷ್ಟು ಹಾರ್ತಾಳ ಅನ್ನೋದನ್ನೂ ಬರೀರಿ.